ಹಾವರ್ಥಿಯಾ ಸೊರಗಿದರೆ ಚೊಂಬು ಕೆಳಗಿಡಿ, ಮೊದಲು ಬೇರು ನೋಡಿ

ನನ್ನ ಮೊದಲ ಹಾವರ್ಥಿಯಾ ಸತ್ತದ್ದು ಒಂದು ಮೇ ತಿಂಗಳಲ್ಲಿ. ಗುಲಾಬಿಯ ಎಸಳುಗಳನ್ನು ಹಸಿರು ಗಾಜಿನಲ್ಲಿ ಮಾಡಿ ಜೋಡಿಸಿದಂತಿದ್ದ, ಅಂಗೈಯಷ್ಟೂ ಅಗಲವಿಲ್ಲದ ಗಿಡ. ಬಿಸಿಲು ಏರುತ್ತಿದ್ದಂತೆ ಎಲೆಗಳು ಒಣದ್ರಾಕ್ಷಿಯಂತೆ ಸುಕ್ಕಾದವು. ಆ ದಿನಗಳಲ್ಲಿ ಮನೆಯ ಮಲ್ಲಿಗೆಗೂ ತುಳಸಿಗೂ ಎರಡು ಹೊತ್ತು ನೀರು ಬೇಕಾಗಿತ್ತು. ಇದಕ್ಕೂ ಬಾಯಾರಿದೆ ಎಂದುಕೊಂಡು ಅರ್ಧ ಲೋಟ ನೀರು ಹಾಕಿದೆ. ಮೂರು ದಿನ ಕಳೆದರೂ ಸುಕ್ಕು ಇಳಿಯಲಿಲ್ಲ, ಮತ್ತೆ ಹಾಕಿದೆ. ಎರಡು ವಾರದ ನಂತರ ಕುಂಡವನ್ನು ಒರೆಸಲು ಹೋದಾಗ ಗಿಡ ಕೈಗೇ ಬಂತು. ಬುಡದಲ್ಲಿ ಕಂದು ಬಣ್ಣದ ಲೋಳೆ, ಕೆಳಗೆ ಒಂದೂ ಜೀವಂತ ಬೇರಿಲ್ಲ.

ಆ ಗಿಡಕ್ಕೆ ಬಾಯಾರಿಕೆಯೇನೋ ನಿಜವಾಗಿಯೂ ಆಗಿತ್ತು. ಆದರೆ ಕುಡಿಯುವ ಬಾಯೇ ಹೋಗಿತ್ತು. ಎಲೆ ಸುಕ್ಕಾಗುವುದಕ್ಕೆ ಎರಡು ತದ್ವಿರುದ್ಧ ಕಾರಣಗಳಿವೆ: ಮಣ್ಣಿನಲ್ಲಿ ನೀರಿಲ್ಲದಿರುವುದು ಒಂದು, ನೀರಿದ್ದರೂ ಹೀರುವ ಬೇರಿಲ್ಲದಿರುವುದು ಇನ್ನೊಂದು. ಮೇಲಿನಿಂದ ನೋಡಿದರೆ ಎರಡೂ ಒಂದೇ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಒಂದರ ಔಷಧ ಇನ್ನೊಂದಕ್ಕೆ ವಿಷ. ಹಾವರ್ಥಿಯಾ ಸಾಕುವವರು ಕಳೆದುಕೊಳ್ಳುವ ಗಿಡಗಳಲ್ಲಿ ಬಹುಪಾಲು ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಹೋಗುತ್ತವೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಈ ಬರಹದಲ್ಲಿ ಹೆಚ್ಚಿನ ಜಾಗ ಬೇರಿಗೇ ಮೀಸಲು.

ಯಾವ ಗಿಡ, ಎಲ್ಲಿಯ ಗಿಡ

ಹಾವರ್ಥಿಯಾ ನಮ್ಮ ಹಿತ್ತಲಿನ ಲೋಳೆಸರದ ದಾಯಾದಿ. ಎರಡೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ಹಾವರ್ಥಿಯಾದ ತವರು ದಕ್ಷಿಣ ಆಫ್ರಿಕಾ. ಅದರಲ್ಲೂ ಪಶ್ಚಿಮ ಕೇಪ್ ಮತ್ತು ಪೂರ್ವ ಕೇಪ್ ಪ್ರಾಂತಗಳಲ್ಲಿ ಇದರ ಬಗೆಗಳು ಹೆಚ್ಚು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಏಡ್ರಿಯನ್ ಹಾವರ್ತ್ ಅವರ ಗೌರವಾರ್ಥ 1809ರಲ್ಲಿ ಫ್ರಾನ್ಸಿನ ಡುವಾಲ್ ಈ ಹೆಸರನ್ನಿಟ್ಟರು. 2013ರಲ್ಲಿ ಈ ಕುಲವನ್ನು ಒಡೆದು, ಗಟ್ಟಿ ಎಲೆಯ ಹಲವು ಗಿಡಗಳನ್ನು ಹಾವರ್ಥಿಯಾಪ್ಸಿಸ್ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತು. ಕಡು ಹಸಿರಿನ ಮೇಲೆ ಬಿಳಿ ಪಟ್ಟೆಗಳಿರುವ, ಎಲ್ಲ ನರ್ಸರಿಗಳಲ್ಲಿಯೂ ಸಿಗುವ 'ಜೀಬ್ರಾ' ಗಿಡ ಈಗ ಆ ಗುಂಪಿನಲ್ಲಿದೆ. ಮಾರುವವರು ಎರಡನ್ನೂ ಹಾವರ್ಥಿಯಾ ಎಂದೇ ಕರೆಯುತ್ತಾರೆ, ಇಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ.

ಆದರೆ ದೋಷ ಹುಡುಕುವಾಗ ಈ ವ್ಯತ್ಯಾಸ ನೆನಪಿರಬೇಕು. ಕೂಪರಿ, ಸಿಂಬಿಫಾರ್ಮಿಸ್, ರೆಟ್ಯೂಸಾದಂತಹ ಮೆದು ಎಲೆಯ ಗಿಡಗಳು ಬೇರಿನ ತೊಂದರೆಯನ್ನು ಬೇಗ ತೋರಿಸುತ್ತವೆ. ಒಂದೆರಡು ವಾರದಲ್ಲಿ ಎಲೆ ಚಪ್ಪಟೆಯಾಗಿ ಸುಕ್ಕು ಬೀಳುತ್ತದೆ. ಪಟ್ಟೆಯ ಗಟ್ಟಿ ಎಲೆಯವು ಹಾಗಲ್ಲ. ಬೇರು ಸತ್ತು ತಿಂಗಳುಗಳಾದರೂ ಅವು ನೆಟ್ಟಗೆ ಕುಳಿತಿರುತ್ತವೆ. ಎಲೆಗಳು ಒಳಮುಖವಾಗಿ ಮಡಚಿಕೊಂಡು ತುದಿ ಕಂದಾಗುವ ಹೊತ್ತಿಗೆ ಒಳಗಿನ ಕಥೆ ಹಳೆಯದಾಗಿರುತ್ತದೆ. ಗಟ್ಟಿ ಗಿಡವೆಂದು ಧೈರ್ಯವಾಗಿದ್ದವರೇ ಹೆಚ್ಚು ಮೋಸಹೋಗುತ್ತಾರೆ.

ಇನ್ನೊಂದು ಸಂಗತಿ. ಅಂಗಡಿಗಳಲ್ಲಿ ಇದನ್ನು ಕಳ್ಳಿಗಳ ಪಕ್ಕದಲ್ಲಿ ಇಟ್ಟಿರುತ್ತಾರೆ, ಹಾಗಾಗಿ ಜನ ಕಳ್ಳಿಯಂತೆಯೇ ಸುಡುಬಿಸಿಲಿಗೆ ಇಡುತ್ತಾರೆ. ತವರಿನಲ್ಲಿ ಇದು ಪೊದೆಗಳ ಬುಡದಲ್ಲಿ, ಬಂಡೆಯ ಮರೆಯಲ್ಲಿ, ಹಲವೊಮ್ಮೆ ಎಲೆಯ ತುದಿ ಮಾತ್ರ ಕಾಣುವಂತೆ ಮಣ್ಣಿನಲ್ಲಿ ಹುದುಗಿ ಬೆಳೆಯುವ ಗಿಡ. ಕೂಪರಿಯ ಎಲೆತುದಿ ಗಾಜಿನಂತೆ ಪಾರದರ್ಶಕವಾಗಿರುವುದು ಅದಕ್ಕಾಗಿಯೇ: ಬೆಳಕು ಆ ಕಿಟಕಿಯ ಮೂಲಕ ಎಲೆಯ ಒಳಗೆ ಇಳಿಯುತ್ತದೆ. ಲೋಳೆಸರ, ಅನಾನಸ್ ಗಿಡಗಳಂತೆ ಇದೂ ಎಲೆಯ ರಂಧ್ರಗಳನ್ನು ಹಗಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು ಉಸಿರಾಡುತ್ತದೆ. ರಾತ್ರಿಯೂ ಬೇಗೆಯಿರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಅದರ ಬೆಳವಣಿಗೆ ನಿಂತೇ ಹೋಗುತ್ತದೆ. ಬೆಳೆಯದ ಗಿಡ ನೀರು ಕೇಳುವುದಿಲ್ಲ. ಕೇಳದೆ ಕೊಟ್ಟ ನೀರು ಬಿಸಿ ಮಣ್ಣಿನಲ್ಲಿ ನಿಂತು ಬೇರನ್ನು ಬೇಯಿಸುತ್ತದೆ. ನನ್ನ ಗಿಡಕ್ಕೆ ಆದದ್ದು ಇದೇ.

ನೀರು ಮುಟ್ಟುವ ಮುನ್ನ ನಾಲ್ಕು ಪರೀಕ್ಷೆ

ಮೊದಲು ಕುಂಡವನ್ನು ಎತ್ತಿ ನೋಡಿ. ನೀರು ಹಾಕಿದ ಮರುದಿನದ ಭಾರವೂ ಪೂರ್ತಿ ಒಣಗಿದಾಗಿನ ಭಾರವೂ ಕೈಗೆ ಒಮ್ಮೆ ಅಭ್ಯಾಸವಾದರೆ ಬೇರೆ ಯಾವ ಉಪಕರಣವೂ ಬೇಡ. ಅಡುಗೆಮನೆಯಲ್ಲಿ ಸಣ್ಣ ತೂಕದ ಯಂತ್ರವಿದ್ದರೆ ಎರಡೂ ತೂಕಗಳನ್ನು ಕುಂಡದ ಮೇಲೆಯೇ ಬರೆದಿಡಬಹುದು.

ಎರಡನೆಯದು ಕಡ್ಡಿ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಕುಂಡದ ಅಂಚಿನಿಂದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಹೊರತೆಗೆದಾಗ ಕಡ್ಡಿ ಕಪ್ಪಾಗಿ ತಣ್ಣಗಿದ್ದರೆ, ಮೇಲ್ಮಣ್ಣು ಎಷ್ಟೇ ಒಣಗಿದಂತೆ ಕಂಡರೂ ತಳದಲ್ಲಿ ಹಸಿಯಿದೆ ಎಂದು ಅರ್ಥ. ಬೆರಳಿನಿಂದ ಮುಟ್ಟಿ ನೋಡುವುದನ್ನು ನಾನು ನಂಬುವುದಿಲ್ಲ, ಬೆರಳು ತಲುಪುವುದು ಮೇಲಿನ ಅರ್ಧ ಅಂಗುಲಕ್ಕೆ ಮಾತ್ರ.

ಮೂರನೆಯದೇ ಮುಖ್ಯವಾದದ್ದು. ಗಿಡದ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಿ, ನಂತರ ಚೂರೇ ಮೇಲಕ್ಕೆಳೆಯಿರಿ. ಬೇರಿರುವ ಗಿಡ ಮಣ್ಣನ್ನು ಕಚ್ಚಿ ಹಿಡಿದು ಕುಂಡದ ಸಮೇತ ಮೇಲೇಳಲು ನೋಡುತ್ತದೆ. ಬೇರು ಹೋದ ಗಿಡ ಕೊಳಗದ ಮೇಲಿಟ್ಟ ಮುಚ್ಚಳದಂತೆ ಆಡುತ್ತದೆ.

ಕೊನೆಗೆ ಕುಂಡದ ತಳದ ತೂತನ್ನು ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಒಳ್ಳೆಯದು. ಚರಂಡಿಯ, ಹಳಸಿದ ಅನ್ನದ ವಾಸನೆ ಬಂದರೆ ಇನ್ನು ಪರೀಕ್ಷೆ ಸಾಕು, ಗಿಡವನ್ನು ಹೊರತೆಗೆಯಿರಿ. ತಳದಲ್ಲಿ ತೂತೇ ಇಲ್ಲದಿದ್ದರೆ ದೋಷ ಆಗಲೇ ಸಿಕ್ಕಿತು. ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬರುವ ಪಿಂಗಾಣಿ ಬಟ್ಟಲುಗಳಲ್ಲಿ ತೂತಿರುವುದು ಅಪರೂಪ. ಕೆಲವದರಲ್ಲಿ ಮೇಲಿನ ಬಣ್ಣದ ಕಲ್ಲುಗಳನ್ನು ಅಂಟು ಹಾಕಿ ಕೂರಿಸಿರುತ್ತಾರೆ, ಮಣ್ಣು ಒಣಗಿದೆಯೋ ಇಲ್ಲವೋ ಕಾಣುವುದಕ್ಕೂ ದಾರಿಯಿರುವುದಿಲ್ಲ. ಅಂತಹ ಗಿಡವನ್ನು ಮನೆಗೆ ಬಂದ ವಾರದಲ್ಲೇ ಬೇರೆ ಕುಂಡಕ್ಕೆ ಬದಲಿಸಿ.

ಸುಕ್ಕು: ನಾಲ್ಕು ದಾರಿ, ನಾಲ್ಕು ಉತ್ತರ

ಈಗ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡೋಣ.

ಎಲೆ ಸುಕ್ಕಾಗಿದೆ, ಕುಂಡ ಹಗುರವಾಗಿದೆ, ಗಿಡ ಬಿಗಿಯಾಗಿದೆ: ಇದು ಶುದ್ಧ ಬಾಯಾರಿಕೆ. ತಳದಿಂದ ಹರಿದು ಹೋಗುವಷ್ಟು ನೀರು ಹಾಕಿ. ಮೂರರಿಂದ ಐದು ದಿನಗಳಲ್ಲಿ ಎಲೆ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳದಿದ್ದರೆ ಮತ್ತೆ ನೀರು ಹಾಕಬೇಡಿ, ನಿಮ್ಮ ನಿರ್ಣಯ ತಪ್ಪಾಗಿದೆ. ಬಾಟಲಿಯಿಂದ ತುಂತುರು ಸಿಂಪಡಿಸುವ ಅಭ್ಯಾಸವಿರುವ ಮನೆಗಳಲ್ಲಿ ಈ ದೋಷ ಪದೇ ಪದೇ ಬರುತ್ತದೆ. ತುಂತುರು ಎಲೆಯನ್ನೂ ಮೇಲ್ಮಣ್ಣನ್ನೂ ಒದ್ದೆ ಮಾಡುತ್ತದೆ, ಬೇರಿಗೆ ಒಂದು ಹನಿಯೂ ತಲುಪುವುದಿಲ್ಲ.

ಸುಕ್ಕಾಗಿದೆ, ಕುಂಡ ಭಾರವಾಗಿದೆ, ಗಿಡ ಅಲುಗುತ್ತಿದೆ: ಬೇರು ಕೊಳೆತಿದೆ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೆ ಅದು ಇದಕ್ಕೆ ಸಾಕ್ಷಿ. ಆ ನೊಣಗಳು ಸದಾ ಹಸಿಯಿರುವ ಮಣ್ಣಿಗೇ ಬರುತ್ತವೆ. ಇಂದೇ ಹೊರತೆಗೆಯಬೇಕು.

ಸುಕ್ಕಾಗಿದೆ, ಕುಂಡ ಹಗುರವಾಗಿದೆ, ಗಿಡವೂ ಅಲುಗುತ್ತಿದೆ: ಬೇರು ಕೊಳೆತಿಲ್ಲ, ಒಣಗಿ ಸತ್ತಿದೆ. ಬೇಸಿಗೆಯಲ್ಲಿ ಪಶ್ಚಿಮದ ಬಿಸಿಲಿಗೆ ಕಾದ ಸಣ್ಣ ಪ್ಲಾಸ್ಟಿಕ್ ಕುಂಡಗಳಲ್ಲಿ, ಅಥವಾ ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬಂದಾಗ ಹೀಗಾಗುತ್ತದೆ. ಅಂಚೆಯಲ್ಲಿ ಮಣ್ಣಿಲ್ಲದೆ ಬರುವ ಗಿಡಗಳೂ ಇದೇ ಸ್ಥಿತಿಯಲ್ಲಿರುತ್ತವೆ. ಇದು ಅಷ್ಟೇನೂ ಕೆಟ್ಟ ಸುದ್ದಿಯಲ್ಲ. ಬುಡ ಗಟ್ಟಿಯಾಗಿದ್ದರೆ ಹೊಸ ಬೇರು ಬಂದೇ ಬರುತ್ತದೆ.

ಸುಕ್ಕಾಗಿದೆ, ಕುಂಡದಲ್ಲಿ ಹಸಿಯಿದೆ, ಆದರೂ ಗಿಡ ಬಿಗಿಯಾಗಿಯೇ ಇದೆ: ಇದು ಗೊಂದಲದ ಸ್ಥಿತಿ. ಕಡು ಬೇಸಿಗೆಯಾದರೆ ಗಿಡ ವಿಶ್ರಾಂತಿಯಲ್ಲಿರಬಹುದು. ನೆರಳಿಗೆ ಸರಿಸಿ, ಮಣ್ಣು ಒಣಗುವವರೆಗೆ ಕಾಯಿರಿ. ಹಿತವಾದ ಹವೆಯಿರುವ ನವೆಂಬರ್, ಡಿಸೆಂಬರ್‌ನಲ್ಲಿಯೂ ಹೀಗೇ ಇದ್ದರೆ ನನ್ನ ಅನುಮಾನ ಬೇರಿನ ಹಿಟ್ಟು ತಿಗಣೆಯ ಮೇಲೆ. ಅದರ ವಿಚಾರ ಮುಂದೆ ಬರುತ್ತದೆ.

ಬೇರು ಕಳೆದುಕೊಂಡ ಗಿಡವನ್ನು ಮತ್ತೆ ನಿಲ್ಲಿಸುವುದು

ಗಿಡವನ್ನು ಹೊರತೆಗೆದು ಮಣ್ಣನ್ನು ಪೂರ್ತಿ ಉದುರಿಸಿ, ಬುಡವನ್ನು ನಲ್ಲಿಯ ಕೆಳಗೆ ತೊಳೆಯಿರಿ. ಆರೋಗ್ಯವಾದ ಬೇರು ದಪ್ಪಗೆ, ಬಿಳಿ ಅಥವಾ ಹಳದಿ ಮಿಶ್ರಿತ ಬಿಳಿಯ ಬಣ್ಣದಲ್ಲಿ, ಹಸಿ ಶಾವಿಗೆಯಂತಿರುತ್ತದೆ. ಸತ್ತ ಬೇರನ್ನು ಎಳೆದರೆ ಹೊರಗಿನ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಯಲ್ಲಿ ಉಳಿಯುತ್ತದೆ. ಒಂದು ಎಚ್ಚರಿಕೆ: ಹಾವರ್ಥಿಯಾ ತನ್ನ ಹಳೆಯ ಬೇರುಗಳಲ್ಲಿ ಕೆಲವನ್ನು ತಾನೇ ಬಿಟ್ಟು ಹೊಸದನ್ನು ಬೆಳೆಸಿಕೊಳ್ಳುವ ಗಿಡ. ಹತ್ತರಲ್ಲಿ ಮೂರು ನಾಲ್ಕು ಬೇರು ಒಣಗಿದ್ದರೆ ಅದು ರೋಗವಲ್ಲ. ಅವನ್ನು ತೆಗೆದು ಗಿಡವನ್ನು ಮರಳಿ ನೆಟ್ಟರೆ ಸಾಕು.

ಕೊಳೆತ ಭಾಗವನ್ನು ಕತ್ತರಿಸಲು ಹರಿತವಾದ ಬ್ಲೇಡ್ ಬೇಕು. ಅದನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ, ಪ್ರತಿ ಕತ್ತರಿಕೆಯ ನಂತರ ಮತ್ತೆ ಒರೆಸಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದರಿಂದ ಒಲೆ, ದೀಪಗಳಿಂದ ದೂರವಿರಿ. ಬುಡದ ಗಡ್ಡೆಯನ್ನು ಅಡ್ಡಲಾಗಿ ತೆಳುವಾಗಿ ಕೊಯ್ಯುತ್ತಾ ಹೋಗಿ. ಕಂದು ಚುಕ್ಕೆ ಒಂದೂ ಕಾಣದಂತಾಗುವವರೆಗೆ ನಿಲ್ಲಿಸಬೇಡಿ. ಕತ್ತರಿಸಿದ ಮುಖ ಹಸಿ ಆಲೂಗಡ್ಡೆಯಷ್ಟು ಬಿಳಿಯಾಗಿ ಶುಚಿಯಾಗಿ ಕಾಣಬೇಕು. ಎಲೆಗಳು ಕಳಚಿ ಬಿದ್ದರೂ ಚಿಂತೆಯಿಲ್ಲ. ಇಲ್ಲಿ ಕನಿಕರ ತೋರಿಸಿ ಒಂದು ಕಂದು ಚುಕ್ಕೆಯನ್ನು ಉಳಿಸಿದರೆ ವಾರದೊಳಗೆ ಅದು ಇಡೀ ಗಡ್ಡೆಗೆ ಹಬ್ಬುತ್ತದೆ. ಗಾಯಕ್ಕೆ ಅರಿಸಿನದ ಪುಡಿ ಹಚ್ಚುವವರಿದ್ದಾರೆ, ನಾನೂ ಹಚ್ಚುತ್ತಿದ್ದೆ. ಆದರೆ ನಿಜವಾದ ಔಷಧ ಒಣಗಿಸುವಿಕೆ. ಗಾಳಿಯಾಡುವ ನೆರಳಿನಲ್ಲಿ, ಹಳೆಯ ಪತ್ರಿಕೆಯ ಮೇಲೆ, ನಾಲ್ಕರಿಂದ ಏಳು ದಿನ ಬಿಡಿ. ಮಳೆಗಾಲದಲ್ಲಿ ಏಳು ದಿನವೂ ಬೇಕಾಗುತ್ತದೆ. ಗಾಯದ ಮೇಲೆ ತೆಳು ಚರ್ಮ ಕಟ್ಟಿದಂತಾಗಬೇಕು.

ಆಮೇಲೆ ಒಣ ಮಿಶ್ರಣದ ಮೇಲೆ ಗಿಡವನ್ನು ಕೂರಿಸಿ. ಆಳಕ್ಕೆ ಹೂಳಬೇಡಿ, ಅಲುಗದಂತೆ ಸುತ್ತ ನಾಲ್ಕು ಕಲ್ಲಿಡಿ. ಒಂದು ವಾರದ ನಂತರ ಕುಂಡದ ಅಂಚಿನುದ್ದಕ್ಕೂ ಎರಡು ಮೂರು ಚಮಚ ನೀರು ಬಿಡಿ, ಮಿಶ್ರಣದಲ್ಲಿ ತೇವದ ಸುಳಿವು ಮಾತ್ರ ಇರಬೇಕು. ಹೊಸ ಬೇರು ತೇವವನ್ನು ಹುಡುಕಿಕೊಂಡು ಇಳಿಯುತ್ತದೆ. ಹಿತವಾದ ಹವೆಯಲ್ಲಿ ಮೂರರಿಂದ ಆರು ವಾರ ಹಿಡಿಯುತ್ತದೆ, ಬೇಸಿಗೆಯಲ್ಲಿ ಎರಡು ತಿಂಗಳೂ ಆಗಬಹುದು. ಈ ಅವಧಿಯಲ್ಲಿ ಎಲೆಗಳು ಇನ್ನಷ್ಟು ಸುಕ್ಕಾಗುತ್ತವೆ. ಹೊರಗಿನ ಎಲೆಗಳ ನೀರನ್ನು ಖರ್ಚು ಮಾಡಿಯೇ ಗಿಡ ಬೇರು ಕಟ್ಟುತ್ತಿರುತ್ತದೆ. ನೋಡಲು ಸಂಕಟವಾಗುತ್ತದೆ, ಕೈ ಚೊಂಬಿನ ಕಡೆಗೆ ಹೋಗುತ್ತದೆ. ತಡೆದುಕೊಳ್ಳಿ. ದಿನವೂ ಎತ್ತಿ ಬೇರು ಬಂತೇ ಎಂದು ನೋಡುವುದೂ ಬೇಡ, ಎಳೆಯ ಬೇರಿನ ತುದಿ ಮುಟ್ಟಿದರೆ ಮುರಿಯುತ್ತದೆ.

ಮಣ್ಣಿನಲ್ಲಿ ಅಡಗಿರುವ ದೋಷ

ಗಿಡವನ್ನು ಉಳಿಸಿದ ಮೇಲೆ ಅದು ಯಾಕೆ ಕೊಳೆಯಿತು ಎಂದು ಕೇಳಿಕೊಳ್ಳದಿದ್ದರೆ ಮುಂದಿನ ವರ್ಷ ಮತ್ತೆ ಅದೇ ಪಾಡು. 'ನಾನು ಹದಿನೈದು ದಿನಕ್ಕೊಮ್ಮೆ ಮಾತ್ರ ನೀರು ಹಾಕುತ್ತೇನೆ, ಆದರೂ ಕೊಳೆಯಿತು' ಎನ್ನುವವರು ಬಹಳ ಮಂದಿ. ಅವರ ಮಾತು ಸುಳ್ಳಲ್ಲ, ತಪ್ಪು ಕುಂಡದ ಒಳಗಿದೆ.

ನರ್ಸರಿಯಿಂದ ತಂದ ಗಿಡವನ್ನು ಹೊಸ ಮಿಶ್ರಣಕ್ಕೆ ಬದಲಿಸುವಾಗ ಬೇರಿನ ಸುತ್ತಲಿನ ಹಳೆಯ ಮುದ್ದೆಯನ್ನು ಹಾಗೇ ಬಿಡುವವರುಂಟು. ಆ ಮುದ್ದೆ ಸಾಮಾನ್ಯವಾಗಿ ಅಂಟು ಕೆಮ್ಮಣ್ಣು ಅಥವಾ ಒತ್ತಿ ತುಂಬಿದ ತೆಂಗಿನ ನಾರಿನ ಪುಡಿ. ಹೊರಗಿನ ಹೊಸ ಮಿಶ್ರಣ ಎರಡು ದಿನದಲ್ಲಿ ಒಣಗಿದರೂ ನಡುವಿನ ಮುದ್ದೆ ಎರಡು ವಾರ ಹಸಿಯಾಗಿರುತ್ತದೆ, ಬೇರುಗಳೆಲ್ಲ ಇರುವುದು ಅದರೊಳಗೆ. ಬೇರು ಸ್ವಲ್ಪ ಹರಿದರೂ ಪರವಾಗಿಲ್ಲ, ಮುದ್ದೆಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ ತೆಗೆಯಲೇಬೇಕು.

ನಾರಿನ ಪುಡಿಗೆ ಇನ್ನೊಂದು ಗುಣವಿದೆ. ಒಮ್ಮೆ ಪೂರ್ತಿ ಒಣಗಿತೆಂದರೆ ಅದು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲೆ ಹಾಕಿದ ನೀರು ಅಂಚಿನ ಸಂದಿನಿಂದ ಜಾರಿ ತಳದಿಂದ ಸರ್ರನೆ ಹೊರಬರುತ್ತದೆ, ನಾವು ಚೆನ್ನಾಗಿ ನೀರು ಕುಡಿಯಿತು ಎಂದುಕೊಳ್ಳುತ್ತೇವೆ. ನೀರು ಹಾಕಿದ ಮೇಲೂ ಕುಂಡ ಹಗುರವಾಗಿಯೇ ಇದ್ದರೆ ಇದೇ ಕಾರಣ. ಕುಂಡವನ್ನು ನೀರಿರುವ ತಟ್ಟೆಯಲ್ಲಿ ಅರ್ಧ ಗಂಟೆ ಇಟ್ಟು ತಳದಿಂದ ಹೀರಲು ಬಿಡಿ, ಆಮೇಲೆ ತಟ್ಟೆಯಿಂದ ಎತ್ತಿಬಿಡಿ.

ಪುಸ್ತಕಗಳಲ್ಲಿ ಹೇಳುವ ಜ್ವಾಲಾಮುಖಿಯ ಕಲ್ಲುಗಳು ನಮ್ಮಲ್ಲಿ ದುಬಾರಿ. ನಾನು ಅವುಗಳ ಹಿಂದೆ ಹೋಗುವುದನ್ನು ಬಿಟ್ಟಿದ್ದೇನೆ. ಒಡೆದ ಇಟ್ಟಿಗೆಯ ಚೂರು, ಇದ್ದಿಲಿನ ಚೂರು, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು, ಕಟ್ಟಡದವರು ಬಳಸುವ ಅತಿ ಸಣ್ಣ ಜಲ್ಲಿ, ಇವುಗಳಲ್ಲಿ ಸಿಕ್ಕಿದ್ದನ್ನು ಕಡಲೆಬೇಳೆಯಿಂದ ಕಡಲೆಕಾಳಿನ ಗಾತ್ರದೊಳಗೆ ಆರಿಸಿ ಮೂರು ಪಾಲು, ಹಳೆಯ ಎರೆಗೊಬ್ಬರ ಅಥವಾ ಎಲೆಗೊಬ್ಬರ ಒಂದು ಪಾಲು. ಎಲ್ಲವನ್ನೂ ಜರಡಿ ಹಿಡಿದು ಧೂಳನ್ನು ತೆಗೆಯುವುದು ಮರೆಯಬಾರದ ಕೆಲಸ. ಇಟ್ಟಿಗೆಯ ಧೂಳು ತಳದಲ್ಲಿ ಕೆಸರಾಗಿ ಕುಳಿತು ತೂತನ್ನು ಮುಚ್ಚುತ್ತದೆ. ಎಂ-ಸ್ಯಾಂಡ್‌ನಲ್ಲಿಯೂ ನುಣ್ಣನೆಯ ಪುಡಿ ಬಹಳ, ಜರಡಿ ಹಿಡಿಯದೆ ಹಾಕಿದರೆ ಗಾರೆಯಂತೆ ಗಟ್ಟಿಯಾಗುತ್ತದೆ. ಕಡಲತೀರದ ಮರಳಿನಲ್ಲಿ ಉಪ್ಪಿರುವುದರಿಂದ ಅದು ಬೇಡವೇ ಬೇಡ. ಮಿಶ್ರಣ ಸರಿಯಾಗಿದೆಯೇ ಎಂದು ನೋಡಲು ತುಂಬಿದ ಕುಂಡಕ್ಕೆ ಒಂದು ಲೋಟ ನೀರು ಸುರಿಯಿರಿ. ನೀರು ಮೇಲೆ ನಿಲ್ಲದೆ ಕೆಲವೇ ಕ್ಷಣಗಳಲ್ಲಿ ತಳದಿಂದ ಹರಿಯಬೇಕು. ಕಣ್ಣಿಗೆ ಕಾಣುವಂತೆ ಮೇಲೆ ನಿಂತರೆ ಇನ್ನಷ್ಟು ಚೂರು ಸೇರಿಸಿ.

ಕೊಳವೆ ಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಮಣ್ಣಿನ ಮೇಲೂ ಮಣ್ಣಿನ ಕುಂಡದ ಹೊರಮೈಯಲ್ಲೂ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿಗಳು ಒಣಗಿ ಕಂದಾಗುತ್ತವೆ. ಎರಡು ತಿಂಗಳಿಗೊಮ್ಮೆ ಮಳೆನೀರನ್ನು ಧಾರಾಳವಾಗಿ ಹರಿಸಿ ಉಪ್ಪನ್ನು ತೊಳೆದರೆ ಇದು ತಹಬಂದಿಗೆ ಬರುತ್ತದೆ.

ಸುಳಿ ಕೊಳೆ

ಒಂದು ಜುಲೈ ತಿಂಗಳಲ್ಲಿ ಮಂಗಳೂರಿನಿಂದ ಅತ್ತಿಗೆ ಫೋನ್ ಮಾಡಿದರು. 'ಹೊರಗಿನ ಎಲೆಗಳೆಲ್ಲ ಚೆನ್ನಾಗಿವೆ, ನಡುವಿನ ಎಲೆ ಹಿಡಿದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತಿದೆ' ಎಂದರು. ಅಡಿಕೆ, ತೆಂಗು ಬೆಳೆಯುವ ಮನೆಯಿಂದ ಬಂದವರು ಅವರು, ಹೆಸರನ್ನೂ ತಾವೇ ಹೇಳಿದರು: 'ಇದು ಸುಳಿ ಕೊಳೆಯೇ ಅಲ್ಲವೇ?' ಹೌದು, ಅದೇ. ಈ ಗಿಡದ ಎಲೆಗಳು ಬಟ್ಟಲಿನಂತೆ ಜೋಡಣೆಯಾಗಿರುವುದರಿಂದ ಮಳೆಯ ನೀರು ನಡುವೆ ನಿಲ್ಲುತ್ತದೆ. ಗಾಳಿಯಲ್ಲಿ ತೇವ ತುಂಬಿರುವ ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಆರುವುದೇ ಇಲ್ಲ. ಬಿಸಿಲ ಹೊತ್ತಿನಲ್ಲಿ ತಲೆಯ ಮೇಲೆ ನೀರು ಸುರಿದರೆ ಬಯಲುಸೀಮೆಯಲ್ಲಿಯೂ ಇದು ಬರುತ್ತದೆ.

ಬುಡದಿಂದ ಮೇಲೇರುವ ಕೊಳೆಯೂ ಕೊನೆಗೆ ಸುಳಿಗೇ ಬಂದು ಮುಟ್ಟುತ್ತದೆ, ಆದ್ದರಿಂದ ಎರಡರಲ್ಲಿ ಯಾವುದೆಂದು ತಿಳಿಯಲು ಗಿಡವನ್ನು ಕೀಳಬೇಕು. ಬೇರು ಗಟ್ಟಿಯಾಗಿ ಬಿಳಿಯಾಗಿದ್ದರೆ ಕೊಳೆ ಮೇಲಿನಿಂದ ಇಳಿದದ್ದು. ಆಗ ಮೇಲಿನಿಂದಲೇ ಕೊಯ್ಯುತ್ತಾ, ಶುಚಿಯಾದ ಭಾಗ ಸಿಗುವವರೆಗೆ ಇಳಿಯಿರಿ. ಸುಳಿ ಹೋದ ಗಿಡ ಮತ್ತೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಆದರೆ ಬೇರೂ ಕೆಳಗಿನ ಒಂದು ಸುತ್ತು ಎಲೆಗಳೂ ಉಳಿದಿದ್ದರೆ ಆ ಎಲೆಗಳ ಕಂಕುಳಿನಿಂದ ಮರಿಗಳು ಮೂಡುತ್ತವೆ. ಮರಿ ಬೇಕೆಂದೇ ಸುಳಿಯನ್ನು ಕೊಯ್ಯುವ ಬೆಳೆಗಾರರೂ ಇದ್ದಾರೆ. ಅತ್ತಿಗೆಯ ಗಿಡ ದೀಪಾವಳಿಯ ಹೊತ್ತಿಗೆ ಮೂರು ಮರಿ ಕೊಟ್ಟಿತು. ಈಗ ಅವರ ಕುಂಡಗಳು ಮಳೆಗಾಲದುದ್ದಕ್ಕೂ ಸಜ್ಜದ ಕೆಳಗೆ, ಎರಚಲು ತಾಗದ ಗೋಡೆಯ ಪಕ್ಕದಲ್ಲಿರುತ್ತವೆ.

ಬೆಳಕು ಹೆಚ್ಚೋ ಕಡಿಮೆಯೋ

ಎಲೆಗಳು ಚಪ್ಪಟೆ ಸುತ್ತನ್ನು ಬಿಟ್ಟು ಮೇಲಕ್ಕೆ ಚಾಚಿಕೊಂಡು, ತೆಳುವಾಗಿ, ಕಿಟಕಿಯ ಕಡೆಗೆ ಒರಗಿದ್ದರೆ ಬೆಳಕು ಸಾಲದು. ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕದಲ್ಲಿಟ್ಟ ಗಿಡಗಳೆಲ್ಲ ಕೆಲವು ತಿಂಗಳಲ್ಲಿ ಹೀಗಾಗುತ್ತವೆ. ನೆರಳಿನ ಗಿಡವೆಂದರೆ ಕತ್ತಲೆಯ ಗಿಡವಲ್ಲ. ಮಧ್ಯಾಹ್ನ ಎಲೆಯ ಮೇಲೆ ಅಂಗೈ ಹಿಡಿದಾಗ ನೆರಳಿನ ಅಂಚು ಮಸುಕಾಗಿಯಾದರೂ ಕಾಣಬೇಕು. ನೆರಳೇ ಬೀಳದ ಜಾಗ ಸಲ್ಲದು. ಚಾಚಿಕೊಂಡ ಎಲೆ ಮತ್ತೆ ಗಿಡ್ಡವಾಗುವುದಿಲ್ಲ. ಹೊಸ ಎಲೆಗಳು ಒತ್ತಾಗಿ ಬಂದು, ಹಳೆಯವು ಉದುರಿ, ಆಕಾರ ತಿರುಗಿ ಬರಲು ಒಂದು ವರ್ಷ ಬೇಕು. ಅವಸರದಿಂದ ನೇರ ಬಿಸಿಲಿಗೆ ಇಟ್ಟರೆ ಎರಡೇ ದಿನದಲ್ಲಿ ಎಲೆ ಸುಟ್ಟುಹೋಗುತ್ತದೆ. ವಾರಕ್ಕೊಂದು ಗೇಣಿನಂತೆ ಬೆಳಕಿನ ಕಡೆಗೆ ಸರಿಸಿ.

ಎಲೆ ಕೆಂಪಾಗುವುದು, ಕಂದು ಮಿಶ್ರಿತ ನೇರಳೆಯಾಗುವುದು ಬೇರೆ ಸಂಗತಿ. ಹೆಚ್ಚು ಬಿಸಿಲಿಗೆ ಗಿಡ ತಾನೇ ಹಚ್ಚಿಕೊಳ್ಳುವ ಲೇಪ ಅದು. ನೆರಳಿಗೆ ಸರಿಸಿದರೆ ಕೆಲವು ವಾರಗಳಲ್ಲಿ ಹಸಿರು ಮರಳುತ್ತದೆ. ಆದರೆ ಗಮನವಿರಲಿ, ಬೇರು ಹೋದ ಗಿಡವೂ ಇದೇ ರೀತಿ ಕೆಂಪಾಗುತ್ತದೆ. ಜಾಗ ಬದಲಿಸದೆ ಇದ್ದಕ್ಕಿದ್ದಂತೆ ಬಣ್ಣ ಬಂದರೆ ಅಲುಗಿಸುವ ಪರೀಕ್ಷೆ ಮಾಡಿ. ಬಿಸಿಲು ತಾಗುವ ಒಂದೇ ಬದಿಯಲ್ಲಿ ಬಿಳಿಚಿದ, ಕಾಗದದಂತಹ ಕಲೆ ಬಿದ್ದರೆ ಅದು ಸುಟ್ಟ ಗಾಯ, ಮಾಯುವುದಿಲ್ಲ. ಆದರೆ ಹರಡುವುದೂ ಇಲ್ಲ, ಕಿತ್ತು ತೆಗೆಯುವ ಅಗತ್ಯವಿಲ್ಲ.

ನನ್ನ ಅನುಭವದಲ್ಲಿ ಪೂರ್ವದ ಕಿಟಕಿಗೆ ಸಮನಾದ ಜಾಗವಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಒಂಬತ್ತು ಗಂಟೆಯವರೆಗಿನ ಎಳೆಬಿಸಿಲು ಇದಕ್ಕೆ ಪ್ರಿಯ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಆ ಬಿಸಿಲೂ ಹೆಚ್ಚು. ಮಾರ್ಚ್‌ನಿಂದ ಮಳೆ ಬೀಳುವವರೆಗೆ ಉತ್ತರದ ಕಿಟಕಿಯೊಳಗೆ ಇಡುವುದು ಲೇಸು.

ಹಿಟ್ಟು ತಿಗಣೆ

ದಾಸವಾಳಕ್ಕೆ ಬರುವಂತಹ ಹಿಟ್ಟು ತಿಗಣೆಯೇ ಇದಕ್ಕೂ ಬರುತ್ತದೆ. ಎಲೆಯ ಬುಡದ ಸಂದಿಯಲ್ಲಿ ಹತ್ತಿಯ ಚೂರಿನಂತೆ ಕಾಣುತ್ತದೆ. ಕುಂಡದ ಸುತ್ತ ಇರುವೆ ಓಡಾಡುತ್ತಿದ್ದರೆ ಹುಳು ಕಾಣದಿದ್ದರೂ ಹುಡುಕಿ, ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆಗಳು ಬರುತ್ತವೆ. ಹತ್ತಿ ಸುತ್ತಿದ ಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆಯುವುದು ಬೇಸರದ ಕೆಲಸವಾದರೂ ಅದರಷ್ಟು ಖಚಿತವಾದದ್ದು ಬೇರೆ ಇಲ್ಲ. ಹತ್ತು ದಿನಕ್ಕೊಮ್ಮೆ, ಮೂರು ಸಲ ಮಾಡಿ, ಏಕೆಂದರೆ ಮೊಟ್ಟೆಗಳು ಉಳಿದಿರುತ್ತವೆ. ಗಿಡಗಳು ಬಹಳವಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸಬಹುದು. ಎಣ್ಣೆ ಹಚ್ಚಿದ ಎಲೆಗೆ ಮರುದಿನ ಬಿಸಿಲು ಬಿದ್ದರೆ ಸುಡುತ್ತದೆ, ಎರಡು ದಿನ ನೆರಳಿನಲ್ಲಿಡಿ.

ಇದಕ್ಕಿಂತ ಕೆಟ್ಟದ್ದು ಮಣ್ಣಿನೊಳಗಿನ ತಿಗಣೆ. ಮೇಲೆ ಏನೂ ಕಾಣುವುದಿಲ್ಲ. ಗಿಡ ಬೆಳೆಯುವುದಿಲ್ಲ, ಸಾಯುವುದೂ ಇಲ್ಲ, ಒಳ್ಳೆಯ ಹವೆಯಲ್ಲಿಯೂ ಮಂಕಾಗಿ ಕುಳಿತಿರುತ್ತದೆ. ಕುಂಡದಿಂದ ಎತ್ತಿದಾಗ ಬೇರಿನ ಮೇಲೂ ಕುಂಡದ ಒಳಗೋಡೆಯ ಮೇಲೂ ಅಕ್ಕಿಹಿಟ್ಟು ಚೆಲ್ಲಿದಂತಹ ನೀಲಿ ಮಿಶ್ರಿತ ಬಿಳಿ ಪುಡಿ. ಪರ್ಲೈಟ್ ಚೂರೆಂದು, ಉಪ್ಪಿನ ಪೊರೆಯೆಂದು ಬಿಟ್ಟುಬಿಡುವುದು ಸುಲಭ. ಒಂದು ಹನಿ ನೀರು ಹಾಕಿ ನೋಡಿ: ಉಪ್ಪು ಒದ್ದೆಯಾಗುತ್ತದೆ, ತಿಗಣೆಯ ಮೇಣದ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳುತ್ತದೆ. ಕಂಡರೆ ಮಣ್ಣೆಲ್ಲ ಎಸೆಯಿರಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಬೇರನ್ನು ಸೋಪಿನ ನೀರಿನಲ್ಲಿ ತೊಳೆದು, ಮತ್ತೆ ಶುದ್ಧ ನೀರಿನಲ್ಲಿ ತೊಳೆದು, ನಾಲ್ಕು ದಿನ ಒಣಗಿಸಿ ಹೊಸ ಮಿಶ್ರಣದಲ್ಲಿ ನೆಡಿ. ಮಣ್ಣಿನ ಕುಂಡವಾದರೆ ಕುದಿಯುವ ನೀರು ಸುರಿದು ಬಿಸಿಲಿಗಿಡಿ. ಪಕ್ಕದ ಕುಂಡಗಳನ್ನೂ ಎತ್ತಿ ನೋಡಲೇಬೇಕು; ತಟ್ಟೆಯಲ್ಲಿ ಹರಿದ ನೀರಿನೊಂದಿಗೆ ಅದು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ದೋಷವೇ ಅಲ್ಲದವು

ಕೆಳಗಿನ ಸುತ್ತಿನ ಒಂದೆರಡು ಎಲೆಗಳು ಒಣಗಿ ಕಾಗದದಂತಾದರೆ ಅದು ವಯಸ್ಸು. ಒಣಗುವ ಬದಲು ಮೆತ್ತಗಾಗಿ ನೀರೊಡೆದರೆ ಮಾತ್ರ ಅನುಮಾನಪಡಿ.

ನಡುವಿನಿಂದ ಉದ್ದನೆಯ ತೆಳು ಕಡ್ಡಿಯೊಂದು ಎದ್ದು ಬಂದರೆ ಅದು ಹೂದಂಡು. ಕತ್ತಾಳೆ ಹೂಬಿಟ್ಟ ಮೇಲೆ ಸಾಯುವುದನ್ನು ಕಂಡವರು ಹೆದರಿ ಇದನ್ನು ಕತ್ತರಿಸುತ್ತಾರೆ. ಹಾವರ್ಥಿಯಾ ವರ್ಷವರ್ಷವೂ ಹೂಬಿಡುತ್ತದೆ, ಸಾಯುವುದಿಲ್ಲ. ಬೇರು ಕಟ್ಟಲು ಹೆಣಗುತ್ತಿರುವ ಗಿಡದ್ದಾದರೆ ಮಾತ್ರ ಹೂದಂಡನ್ನು ಕತ್ತರಿಸಿ.

ಗಿಡ ವರ್ಷದಿಂದ ವರ್ಷಕ್ಕೆ ಮಣ್ಣಿನೊಳಗೆ ಇಳಿದು ಚಿಕ್ಕದಾದಂತೆ ಕಾಣುವುದೂ ಉಂಟು. ಬೇರುಗಳು ಸಂಕುಚಿಸಿ ಗಿಡವನ್ನು ಕೆಳಗೆಳೆದುಕೊಳ್ಳುತ್ತವೆ. ತವರಿನ ಬೇಗೆಯಲ್ಲಿ ಬದುಕುಳಿಯಲು ಕಲಿತ ಉಪಾಯ ಅದು. ಎಲೆ ದಪ್ಪಗಿದ್ದರೆ ಏನೂ ಮಾಡಬೇಡಿ.

ಗುಣವಾಗುತ್ತಿದೆಯೇ ಎಂದು ತಿಳಿಯುವುದು

ಹಳೆಯ ಎಲೆಗಳನ್ನು ನೋಡಬೇಡಿ, ಅವು ಸುಕ್ಕಾಗಿಯೇ ಉದುರಿಹೋಗಬಹುದು. ಸುಳಿಯನ್ನು ನೋಡಿ. ಅಲ್ಲಿ ತಿಳಿಹಸಿರಿನ, ಹೊಳಪುಳ್ಳ ಹೊಸ ತುದಿ ಇಣುಕಿದರೆ ಕೆಳಗೆ ಬೇರು ಬಂದಿದೆ. ಒಂದು ಬೆರಳಿನಿಂದ ಬದಿಗೆ ತಳ್ಳಿದಾಗ ಗಿಡ ಹಿಡಿದುಕೊಂಡರೆ ಇನ್ನೂ ಖಾತ್ರಿ. ಅಲ್ಲಿಂದ ಮುಂದೆ ಪೂರ್ತಿ ನೀರು ಹಾಕಬಹುದು: ತಳದಿಂದ ಹರಿಯುವಷ್ಟು ಒಮ್ಮೆ, ಮತ್ತೆ ಕಡ್ಡಿ ಒಣಗಿ ಬಂದು ಎರಡು ಮೂರು ದಿನಗಳಾದ ಮೇಲೆ ಇನ್ನೊಮ್ಮೆ. ಕೊಯ್ದ ದಿನ, ನೆಟ್ಟ ದಿನ, ಮೊದಲ ನೀರಿನ ದಿನ ಮೂರನ್ನೂ ಐಸ್‌ಕ್ರೀಮ್ ಕಡ್ಡಿಯ ಮೇಲೆ ಪೆನ್ಸಿಲ್‌ನಿಂದ ಬರೆದು ಕುಂಡದಲ್ಲಿ ಸಿಕ್ಕಿಸಿಡಿ. ಶಾಯಿ ಬಿಸಿಲಿಗೆ ಹಾರಿಹೋಗುತ್ತದೆ, ಪೆನ್ಸಿಲ್ ಗೀಟು ವರ್ಷಗಟ್ಟಲೆ ಉಳಿಯುತ್ತದೆ.